ಕೊಟ್ರವ್ವ ಚರ್ಚು ಹುಡುಕಿದ್ದು

ಗಂಡ ತೀರಿಕೊಂಡ ಮರುವರ್ಷ ಕೊಟ್ರವ್ವನಿಗೆ ಹೊಸದೊಂದು ಗೀಳು ಹತ್ತಿದೆ ಎಂದು ಓಣಿಯವರು ಮಾತಾಡಿಕೊಂಡರು. ಭಾನುವಾರ ಬಂತೆಂದರೆ ತಲೆಗೆ ನೀರು ಹಾಕಿಕೊಂಡು, ಟ್ರಂಕಿನಲ್ಲಿಟ್ಟಿದ್ದ ತಿಳಿನೀಲಿ ಸೀರೆ ಉಟ್ಟು, ಬಾಗಿಲಿಗೆ ಬೀಗ ಜಡಿದು ಹೊರಟುಬಿಡುತ್ತಿದ್ದಳು. ಹೋಗುತ್ತಿದ್ದುದು ಚರ್ಚಿಗೆ. ಅದೂ ಒಂದು ಚರ್ಚಿಗಲ್ಲ. ಒಂದಷ್ಟು ವಾರ ಇಲ್ಲಿ, ಒಂದಷ್ಟು ವಾರ ಅಲ್ಲಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಅವಳ ಎದುರು ಕೂತು ಜರಡಿ ಹಿಡಿಯುವ ಮಾಬೂಬೀ, ಬಿಸಿ ಮರಳನ್ನು ಕೆಳಗೆ ಉದುರಿಸುತ್ತಾ, ಮಗನಿಗೆ ಹೆಣ್ಣು ನೋಡುವವರು ಹೀಗೆ ಮನೆಮನೆ ತಿರುಗುತ್ತಾರೆ, ನಿನಗೋ ಮಗನೇ ಇಲ್ಲ, ಯಾರಿಗಾಗಿ ನೋಡುತ್ತಿದ್ದೀಯೆ ಎಂದು ಕೇಳಿದಳು. ಕೊಟ್ರವ್ವ ನಕ್ಕು ತನ್ನ ಜರಡಿ ಕುಲುಕಿದಳು. ಹೇಳಬೇಕೆಂದರೆ ಅದು ಉದ್ದದ ಮಾತು.

ಅವಳ ಗಂಡ ಎರ್ರಿಸ್ವಾಮಿ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಒಂದು ದಿನ ಚೀಲ ಇಳಿಸಿ ಬಂದವನು ಜಗಲಿಯ ಮೇಲೆ ಕೂತಲ್ಲೇ ವಾಲಿಬಿಟ್ಟ. ಲಕ್ವ ಹೊಡೆದಿತ್ತು. ಆಸ್ಪತ್ರೆಯಲ್ಲಿ ಅವನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಕೊಟ್ರವ್ವ ವಾರಗಟ್ಟಲೆ ಉಳಿದಳು. ನೋಡಲು ಬಂದವರೆಲ್ಲ ಎರ್ರಿಸ್ವಾಮಿಗೆ ಒಳ್ಳೆಯದಾಗಲಿ ಎಂದು ಹರಸಿದರು, ಹರಕೆ ಹೊತ್ತರು, ಅಂಗಾರ ತಂದು ಹಣೆಗೆ ಹಚ್ಚಿದರು. ಆ ವಾರ್ಡಿನಲ್ಲಿ ಆಶಾರಾಣಿ ಎಂಬ ನರ್ಸು ಇದ್ದಳು. ಎಲುಬು ಕಾಣುವಷ್ಟು ಸಣಕಲು, ಮಾತು ಕಡಿಮೆ. ಡ್ಯೂಟಿ ಮುಗಿಸಿ ಹೋಗುವಾಗ ಒಂದು ಸಂಜೆ ಅವಳು ಸ್ಟೂಲು ಎಳೆದುಕೊಂಡು ಕೂತು, ಕೊಟ್ರವ್ವನ ಬೆನ್ನ ಮೇಲೆ ಅಂಗೈ ಇಟ್ಟು, ಪಕ್ಕದಲ್ಲೇ ಯಾರೋ ನಿಂತಿರುವ ಹಾಗೆ ಮೆಲ್ಲಗೆ ಹೇಳಿದಳು:

"ಅಪ್ಪಾ, ಕೊಟ್ರವ್ವ ಭಾಳ ದಣಿದಾರ. ಇವರನ್ನೂ ಒಂಚೂರು ನೋಡ್ಕೋ."

ಅಷ್ಟೇ. ಕೊಟ್ರವ್ವ ದಣಿದಿದ್ದಾಳೆ ಎಂದು ಈವರೆಗೆ ಯಾರೂ ಯಾವ ದೇವರ ಮುಂದೆಯೂ ಹೇಳಿರಲಿಲ್ಲ. ಆಮೇಲೆ ದಿನಾ ಸಂಜೆ ಆ ಅಂಗೈಗಾಗಿ ಕಾಯತೊಡಗಿದಳು. ಆ ಅಪ್ಪ ಯಾರು ಎಂದು ಕೇಳಿದಾಗ ಆಶಾರಾಣಿ ಯೇಸುವಿನ ಕಥೆಯನ್ನು ತುಣುಕು ತುಣುಕಾಗಿ, ಸಲೈನು ಬದಲಿಸುವ ನಡುವೆ, ಊರಿನ ಸುದ್ದಿ ಹೇಳುವ ಹಾಗೆ ಹೇಳಿದಳು. ಎರ್ರಿಸ್ವಾಮಿ ಉಳಿಯಲಿಲ್ಲ. ಆದರೂ ಕೊಟ್ರವ್ವನಿಗೆ ಆ ದೇವರ ಮೇಲೆ ಸಿಟ್ಟು ಬರಲಿಲ್ಲ. ಕಾರ್ಯವೆಲ್ಲ ಮುಗಿಸಿ ಆಸ್ಪತ್ರೆಗೆ ಹೋಗಿ ವಿಚಾರಿಸಿದರೆ ಆಶಾರಾಣಿ ಕೆಲಸ ಬಿಟ್ಟು ಬಳ್ಳಾರಿ ಕಡೆ ಹೋಗಿದ್ದಳು. ಯಾವ ಚರ್ಚಿನವಳು ಎಂದು ಕೊಟ್ರವ್ವ ಕೇಳಿಯೇ ಇರಲಿಲ್ಲ.

ಮನೆಯಲ್ಲಿ ಒಬ್ಬಳೇ ಕೂತು "ಅಪ್ಪಾ" ಎನ್ನುವುದನ್ನು ರೂಢಿ ಮಾಡಿಕೊಂಡಳು. ಆದರೆ ಒಂಟಿ ದನಿ ಗೋಡೆಗೆ ಬಡಿದು ತಿರುಗಿ ಬಂದ ಹಾಗಾಗುತ್ತಿತ್ತು. ಕುರಿ ಕಾಯುವವರ ಮನೆಯಲ್ಲಿ, ತುಂಬಿದ ಕೇರಿಯಲ್ಲಿ ಬೆಳೆದ ಹೆಂಗಸು ಅವಳು. ದೇವರೆಂದರೆ ನಾಲ್ಕು ಜನ ಮೈಗೆ ಮೈ ತಾಗಿಸಿ ಕೂತಿರಬೇಕು. ಆಶಾರಾಣಿ ಹಾಗೆ ಬೇಡಿಕೊಳ್ಳುವುದನ್ನು ಎಲ್ಲಿಯೋ ಕಲಿತಿರಬೇಕಲ್ಲ, ಅಲ್ಲಿ ಅಂಥವರು ಇನ್ನೂ ಇರಬೇಕಲ್ಲ ಎಂದುಕೊಂಡಳು. ಆ ಜಾಗವನ್ನು ಹುಡುಕಿಕೊಂಡೇ ಅವಳು ಹೊರಟಿದ್ದು.

ಮೊದಲು ಹೋದದ್ದು ಕೆ.ಬಿ. ಬಡಾವಣೆಯ ಒಂದು ಪ್ರಾರ್ಥನಾ ಮಂದಿರಕ್ಕೆ. ಕೆಳಗೆ ಬ್ಯಾಟರಿ ಅಂಗಡಿ, ಮೇಲೆ ತಗಡಿನ ಶೀಟಿನ ಹಾಲ್. ಪಾಸ್ಟರ್ ಯೋಗರಾಜ್ ಚಿಕ್ಕ ವಯಸ್ಸಿನವನು. ಅವನೂ ಹಿಂದೆ ಬೇರೆ ಧರ್ಮದಿಂದಲೇ ಬಂದವನು. ಕೀಬೋರ್ಡು, ಡ್ರಮ್ಮು, ಎಲ್ಲರೂ ಕೈಯೆತ್ತಿ ಒಟ್ಟಿಗೆ ಗಟ್ಟಿಯಾಗಿ ಬೇಡಿಕೊಳ್ಳುವುದು. ಕೊಟ್ರವ್ವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು, ಊಟಕ್ಕೆ ನಿಲ್ಲಿಸಿಕೊಂಡರು, ಅಕ್ಕಾ ಅಕ್ಕಾ ಎಂದು ಬಾಯಿ ತುಂಬ ಕರೆದರು. ಅವಳಿಗೆ ಇಷ್ಟವೂ ಆಯಿತು. ಆದರೆ ಮೂರ್ನಾಲ್ಕು ವಾರ ಕಳೆದ ಮೇಲೆ, ದೇವರು ನಿಮಗೆ ಮಾಡಿದ ಒಳ್ಳೆಯದರ ಸಾಕ್ಷಿ ಹೇಳಿ ಎಂದು ಯೋಗರಾಜ್ ಮೈಕು ಕೊಟ್ಟ. ಅವಳು ಗಂಡನಿಗೆ ಕಾಯಿಲೆಯಾದದ್ದು, ನರ್ಸು ಪ್ರಾರ್ಥಿಸಿದ್ದು ಹೇಳಿದಾಗ ಜನ ಸ್ತೋತ್ರ ಸ್ತೋತ್ರ ಎಂದರು. ಗಂಡ ತೀರಿಹೋದ ಎಂದಾಗ ಇಡೀ ಹಾಲ್ ತಣ್ಣಗಾಯಿತು. ಯೋಗರಾಜ್ ಗಡಿಬಿಡಿಯಿಂದ ಮೈಕು ತೆಗೆದುಕೊಂಡು ಹಾಡು ಶುರುಮಾಡಿದ. ಆಮೇಲೆ ಕ್ಷಮೆಯನ್ನೂ ಕೇಳಿದ. ಹಾಗೆಯೇ, ಹಣೆಗೆ ಮನೆದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚುವುದನ್ನು ಬಿಟ್ಟರೆ ಒಳ್ಳೆಯದು ಎಂದ. ಬಿಡುವುದು ಅವಳಿಗೆ ಕಷ್ಟವಿರಲಿಲ್ಲ. ತಾನು ಹೇಳಿದ್ದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ ಎಂಬುದೇ ಚುಚ್ಚಿತು. ಆ ಸದ್ದಿನಲ್ಲಿ ಅವಳ ದಣಿವನ್ನು ಕೇಳಿಸಿಕೊಳ್ಳುವವರು ಯಾರು?

ಆಮೇಲೆ ಊರಿನ ಹಳೆಯ ಕಲ್ಲಿನ ಚರ್ಚಿಗೆ ಹೋದಳು. ಅಲ್ಲಿ ಸದ್ದೇ ಇಲ್ಲ. ತಲೆತಲಾಂತರದಿಂದ ಕ್ರೈಸ್ತರಾಗಿರುವ ಕುಟುಂಬಗಳು. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂಬುದು ಮಕ್ಕಳಿಗೂ ಗೊತ್ತು; ಕೊಟ್ರವ್ವ ಮಾತ್ರ ಎಲ್ಲರೂ ಕೂತ ಮೇಲೆ ಏಳುವಳು. ಹಾಡುಗಳನ್ನು ಪುಸ್ತಕ ನೋಡಿ ಹಾಡುತ್ತಿದ್ದರು, ಇವಳಿಗೆ ಓದು ಬಾರದು. ಗೋಡೆಯ ಪಕ್ಕದ ಬೆಂಚಿನಲ್ಲಿ ರೂತಮ್ಮ ಎಂಬ ನಿವೃತ್ತ ಟೀಚರು ಕೂರುತ್ತಿದ್ದರು. ಅವರು ಸರಿದು ಜಾಗ ಬಿಟ್ಟರು, ಮಾತಾಡಲಿಲ್ಲ. ಒಂದು ಭಾನುವಾರ ಬಾಗಿಲಲ್ಲಿ ಹಿರಿಯರೊಬ್ಬರು ಬಲು ಮರ್ಯಾದೆಯಿಂದಲೇ ಕೇಳಿದರು:

"ತಾವು ಯಾರ ಮನೆ ಕಡೆಯವರು?"

ಯಾರ ಮನೆ ಕಡೆಯವಳೂ ಅಲ್ಲ ಎಂದು ಹೇಳಲಾರದೆ ಕೊಟ್ರವ್ವ ತನ್ನ ತವರೂರು ಲೋಕಿಕೆರೆಯ ಹೆಸರು ಹೇಳಿದಳು. ಅವರು ತಲೆಯಾಡಿಸಿ ಮುಂದೆ ಹೋದರು. ದಾರಿಯುದ್ದಕ್ಕೂ ಆ ಪ್ರಶ್ನೆ ಅವಳ ಜೊತೆಗೇ ನಡೆದು ಬಂತು.

ಇದನ್ನೆಲ್ಲ ಕೇಳಿದ ಮಾಬೂಬೀ, ಹಾಗಾದರೆ ಹರಿಹರಕ್ಕೆ ಹೋಗೋಣ ನಡಿ ಎಂದಳು. ಆರೋಗ್ಯಮಾತೆಯ ಚರ್ಚಿಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ಮಗಳ ಹೆರಿಗೆ ಸಲೀಸಾಗಲೆಂದು ಮಾಬೂಬೀಯೂ ಒಮ್ಮೆ ಮೇಣದಬತ್ತಿ ಹಚ್ಚಿ ಬಂದಿದ್ದಳು. ಭಟ್ಟಿಗೆ ರಜೆಯಿದ್ದ ದಿನ ಇಬ್ಬರೂ ಬಸ್ಸು ಹತ್ತಿದರು. ಮಾತೆಯ ಮುಂದೆ ಕೂತಾಗ ಕೊಟ್ರವ್ವನಿಗೆ ತವರಿಗೆ ಬಂದ ಹಾಗಾಯಿತು. ಹೂವಿತ್ತು, ದೀಪವಿತ್ತು, ಹಣೆ ಮುಟ್ಟಿಸಿ ನಮಸ್ಕರಿಸಲು ಜಾಗವಿತ್ತು. ಮನಸ್ಸು ಬರಿದಾಗುವಷ್ಟು ಅತ್ತಳು. ಮಾಬೂಬೀ ಬುರ್ಖಾದ ತುದಿಯಲ್ಲೇ ಅವಳ ಮುಖ ಒರೆಸಿದಳು.

ಆಮೇಲೆ ಒಬ್ಬಳೇ ಹಲವು ಸಲ ಹೋಗಿಬಂದಳು. ಆದರೆ ಅಲ್ಲಿಗೆ ಬರುವವರೆಲ್ಲ ದೂರದ ಊರಿನವರು, ಹರಕೆ ಹೊತ್ತು ಬಂದು ತೀರಿಸಿ ಹೋಗುವವರು. ಹೋದ ವಾರ ಪಕ್ಕದಲ್ಲಿ ಕೂತಿದ್ದವಳು ಈ ವಾರ ಇರುತ್ತಿರಲಿಲ್ಲ. ಅಲ್ಲಿಯ ಸಿಸ್ಟರ್ ಒಬ್ಬರ ಹತ್ತಿರ ಅವಳು ಮನಸ್ಸು ಬಿಚ್ಚಿದಳು. ಅವರು ಅವಸರ ಮಾಡಲಿಲ್ಲ. ಇಲ್ಲಿಗೆ ಸೇರಬೇಕಾದರೆ ಬಹಳ ತಿಂಗಳು ಕಲಿಯುವುದಿರುತ್ತದೆ, ವಾರವಾರ ಬಸ್ಸಿನಲ್ಲಿ ಬಂದು ಹೋಗುವುದು ನಿಮಗೆ ಭಾರ. ತಾಯಿ ಎಲ್ಲಿಗೂ ಹೋಗುವುದಿಲ್ಲ, ಯಾವಾಗ ಬೇಕಾದರೂ ಬನ್ನಿ, ಆದರೆ ಮನೆ ಹತ್ತಿರ ನಾಲ್ಕು ಜನರನ್ನು ನೋಡಿಕೊಳ್ಳಿ ಎಂದರು. ಆ ಸಂಜೆ ಕೊಟ್ರವ್ವ ಹೊಳೆಯ ದಂಡೆಯಲ್ಲಿ ಬಸ್ಸು ತಪ್ಪುವಷ್ಟು ಹೊತ್ತು ಕೂತಳು. ತುಂಗಭದ್ರೆ ಕಲ್ಲುಗಳ ನಡುವೆ ಸಣ್ಣಗೆ ಹರಿಯುತ್ತಿತ್ತು.

ಸುದ್ದಿ ಲೋಕಿಕೆರೆಗೂ ಮುಟ್ಟಿತು. ಅಣ್ಣ ಸಣ್ಣಬೀರಪ್ಪ ಒಂದು ಮಧ್ಯಾಹ್ನ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ. ಬೈಯುತ್ತಾನೆ ಎಂದು ಅವಳು ಅಂಜಿದ್ದಳು. ಅವನು ನೀರು ಕುಡಿದು, ಲೋಟ ಕೆಳಗಿಟ್ಟು, ನೆಲ ನೋಡುತ್ತಾ ಕೇಳಿದ:

"ನಮ್ಮ ಬೀರಪ್ಪ ನಿಂಗೇನ್ ಕಮ್ಮಿ ಮಾಡಿದ್ದವ್ವ?"

"ಏನೂ ಕಮ್ಮಿ ಮಾಡ್ಲಿಲ್ಲಣ್ಣ. ಆತ ಊರಿಗೆಲ್ಲ ದೇವ್ರು. ಈ ಯೇಸು ನನ್ನೊಬ್ಬಳ್ನ ಹೆಂಗಿದ್ದೀ ಅಂತ ಕೇಳ್ದಂಗಾತು."

ಸಣ್ಣಬೀರಪ್ಪ ಕಂಬಳಿ ಹೆಗಲಿಗೆ ಎಳೆದುಕೊಂಡ. ನಾವು ಕೇಳಬೇಕಿತ್ತು, ಕೇಳಲಿಲ್ಲ ಎಂದಷ್ಟೇ ಹೇಳಿ ಎದ್ದ. ಅವನು ಬೈದಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ದಿನಗಳಲ್ಲೇ ಮಾಬೂಬೀಯ ನಾದಿನಿ, ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಹೇಗೋ ಆಶಾರಾಣಿಯ ಫೋನ್ ನಂಬರು ಹುಡುಕಿ ತಂದಳು. ಕೊಟ್ರವ್ವ ಭಟ್ಟಿಯ ಹಿಂದಿನ ಬೇವಿನ ಮರದ ಕೆಳಗೆ ನಿಂತು ಮಾತಾಡಿದಳು. ಆಶಾರಾಣಿಗೆ ಗುರುತು ಹತ್ತಿತು, ಖುಷಿಯೂ ಆಯಿತು. ಕೊಟ್ರವ್ವ ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದನ್ನು ಕೇಳಿದಳು: ದಾವಣಗೆರೆಯಲ್ಲಿ ನೀವು ಹೋಗುತ್ತಿದ್ದದ್ದು ಯಾವ ಚರ್ಚಿಗೆ?

ಆಶಾರಾಣಿ ಹೇಳಿದಳು:

"ಯಾವ ಚರ್ಚಿಗೂ ಹೋಗ್ತಿರ್ಲಿಲ್ರಿ. ಭಾನುವಾರ ಡ್ಯೂಟಿ ಇರ್ತಿತ್ತು. ಇಲ್ಲಾಂದ್ರ ನಿದ್ದಿ. ಆ ಊರಾಗ ನಂಗೂ ಯಾರೂ ಇರ್ಲಿಲ್ಲ. ನಮ್ಮವ್ವ ಒಲಿ ಮುಂದ ಕುಂತು ಹಂಗ ಬೇಡ್ಕೋತಿದ್ಲು, ಅದ ನಂಗೂ ಬಂದೈತಿ."

ಕೊಟ್ರವ್ವ ಏನೋ ಹೇಳಿ ಫೋನ್ ಇಟ್ಟಳು. ತಾನು ಹುಡುಕುತ್ತಿದ್ದ ಜಾಗ ಎಲ್ಲಿಯೂ ಇರಲಿಲ್ಲ. ಯಾವುದೋ ಊರಿನ ಯಾವುದೋ ಒಲೆಯ ಮುಂದೆ ಇದ್ದದ್ದು, ಆ ತಾಯಿಯ ಜೊತೆಗೇ ಮುಗಿದೂ ಹೋಗಿತ್ತೇನೋ. ಮುಂದಿನ ಭಾನುವಾರಗಳಲ್ಲಿ ಅವಳು ಎಲ್ಲಿಗೂ ಹೋಗಲಿಲ್ಲ. ತಿಳಿನೀಲಿ ಸೀರೆ ಟ್ರಂಕಿನಲ್ಲೇ ಉಳಿಯಿತು. ಸಂಜೆ "ಅಪ್ಪಾ" ಎನ್ನಲು ಬಾಯಿ ತೆರೆದರೂ ಮುಂದಿನ ಮಾತು ಬರುತ್ತಿರಲಿಲ್ಲ. ಮಾಬೂಬೀ ಹೀಗೆಂದಳು: "ನಮ್ಮ ಮಗಳು ಕೌಸರ್ ಮದ್ವೀಗೆ ವರ ಹುಡುಕ್ದಾಗ ನಾನೂ ಹಿಂಗೇ ಮಾಡ್ದೆ. ಎಲ್ಲಾರಾಗೂ ಒಂದೊಂದು ಐಬು. ಕಡೀಗೆ ಐಬು ಗೊತ್ತಿದ್ದೇ ಒಪ್ಪಿದ್ವಿ. ಈಗ ಚಲೋ ಅದಾಳೆ."

ಒಂದು ಗುರುವಾರ ಸಂಜೆ ರೂತಮ್ಮ ಟೀಚರು ಭಟ್ಟಿಯ ಬಾಗಿಲಲ್ಲಿ ನಿಂತಿದ್ದರು. ಹೊಗೆಗೆ ಕೆಮ್ಮುತ್ತಾ, ಸೆರಗು ಮೂಗಿಗೆ ಹಿಡಿದು, ಕೊಟ್ರವ್ವ ಎಂಬವರು ಇಲ್ಲಿದ್ದಾರೆಯೇ ಎಂದು ಕೇಳುತ್ತಿದ್ದರು. ಹೆಸರನ್ನೂ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಎಂಬುದನ್ನೂ ಚರ್ಚಿನಲ್ಲಿ ಯಾರೋ ಹೇಳಿದ್ದರಂತೆ. ನಾಲ್ಕಾರು ಭಟ್ಟಿ ಸುತ್ತಿ ಬಂದಿದ್ದರು. ಕೊಟ್ರವ್ವ ಮರಳು ಮೆತ್ತಿದ ಕೈಯಲ್ಲೇ ಎದ್ದು ಬಂದಳು.

"ಪಕ್ಕದಾಗ ಕೂತ್ರೂ ನಿಮ್ಮನ್ನ ಮಾತಾಡಿಸ್ಲಿಲ್ಲ," ಎಂದರು ರೂತಮ್ಮ. "ನನ್ನ ಸ್ವಭಾವಾನೇ ಹಂಗೆ, ಸಂಕೋಚ. ಇವತ್ತು ನಮ್ಮ ಮನೇಲಿ ಹೆಂಗಸರು ಸೇರ್ತೀವಿ. ಬರ್ತೀರೇನ್ರಿ?"

ಕೊಟ್ರವ್ವ ಕೈತೊಳೆದು ಹಾಗೆಯೇ ಹೊರಟಳು. ರೂತಮ್ಮನವರ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಚಾಪೆ ಮೇಲೆ ಕೂತಿದ್ದರು. ಪುಸ್ತಕವಿಲ್ಲದೆ ಹಳೆಯ ಕೀರ್ತನೆ ಹಾಡುತ್ತಿದ್ದರು. ಮಾತುಗಳು ಹೊಸವು, ಆದರೆ ಏರಿಳಿತ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಭಜನೆಯದೇ. ಎರಡನೆಯ ಸಲ ಪಲ್ಲವಿ ಬಂದಾಗ ಅವಳ ದನಿ ತಾನಾಗಿ ಸೇರಿಕೊಂಡಿತು. ಆಮೇಲೆ ರೂತಮ್ಮ ತಪ್ಪಿಹೋದ ಕುರಿಯನ್ನು ಹುಡುಕಿದ ಕುರುಬನ ಕಥೆ ಓದಿದರು. ಕೊಟ್ರವ್ವನಿಗೆ ತಡೆಯಲಾಗಲಿಲ್ಲ. ತನ್ನ ಅಪ್ಪನೂ ಹೀಗೇ ಒಂದು ಕುಂಟು ಕುರಿಯ ಹಿಂದೆ ಆನಗೋಡಿನವರೆಗೂ ಹೋಗಿದ್ದನೆಂದು ಹೇಳಿದಳು. ಉಳಿದ ಕುರಿಗಳನ್ನು ಯಾರ ಹತ್ತಿರ ಬಿಟ್ಟಿದ್ದರು ಎಂದು ಒಬ್ಬಾಕೆ ಕೇಳಿದಳು. ಅವ್ವನ ಹತ್ತಿರ, ಮೂರು ದಿನ ಬೈದಳು ಎಂದಾಗ ಎಲ್ಲರೂ ನಕ್ಕರು, ಕೊಟ್ರವ್ವನೂ ನಕ್ಕಳು. ಅಂಗೈ ಬೆನ್ನ ಮೇಲೆ ಬರಲಿಲ್ಲ. ಅದಕ್ಕಾಗಿ ಅವಳು ಆ ಸಂಜೆಯೂ ಕಾದಳು, ಆಮೇಲೂ ಕಾದಳು. ಆದರೂ ಮುಂದಿನ ಗುರುವಾರ ಬಂದಳು, ಭಾನುವಾರ ಕಲ್ಲಿನ ಚರ್ಚಿಗೂ ಹೋದಳು. ಎಲ್ಲರೂ ಏಳುವಾಗ ರೂತಮ್ಮ ಅವಳ ಮೊಣಕೈ ಮುಟ್ಟಿ ಏಳಿಸುತ್ತಿದ್ದರು.

ಕೆಲವು ತಿಂಗಳ ಮೇಲೆ ಅವಳು ಕ್ರೈಸ್ತಳಾಗಲು ದೀಕ್ಷಾಸ್ನಾನ ಕೇಳಿದಳು. ಅದಕ್ಕೆ ಮುಂಚೆ ಕಲ್ಲಿನ ಚರ್ಚಿನ ಪಾದ್ರಿ ಅಯ್ಯನವರು, ಕೊಟ್ರವ್ವ ಎಂಬುದು ಕೊಟ್ಟೂರು ದೇವರ ಹೆಸರಲ್ಲವೇ, ಬೇರೆ ಹೆಸರು ಬೇಕಾ, ಬಲವಂತವೇನಿಲ್ಲ ಎಂದು ಕೇಳಿದರು.

"ಬ್ಯಾಡ್ರಿ," ಎಂದಳು. "ಅಪ್ಪಂಗೆ ನಾನು ಕೊಟ್ರವ್ವ ಅಂತಾನೇ ಗೊತ್ತು."

ಯಾವ ಅಪ್ಪ ಎಂದು ಅಯ್ಯನವರು ಕೇಳಲಿಲ್ಲ. ದೀಕ್ಷಾಸ್ನಾನದ ಭಾನುವಾರ ಮಾಬೂಬೀ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಸಣ್ಣಬೀರಪ್ಪನಿಗೂ ಕೊಟ್ರವ್ವ ಹೇಳಿ ಕಳಿಸಿದ್ದಳು, ಅವನು ಬರಲಿಲ್ಲ.

ವಾರ ಬಿಟ್ಟು ಕೊಟ್ರವ್ವ ಲೋಕಿಕೆರೆಯ ಬಸ್ಸು ಹತ್ತಿದಳು. ಭಂಡಾರವಿಲ್ಲದೆ ಹಣೆ ಬರಿದಾಗಿತ್ತು. ಬಾಗಿಲಲ್ಲಿ ಅತ್ತಿಗೆ ಲಕ್ಷ್ಮೀದೇವಿ ಒಂದು ಗಳಿಗೆ ಅದನ್ನೇ ನೋಡಿ, ಆಮೇಲೆ ಕಾಲಿಗೆ ನೀರು ಕೊಟ್ಟಳು. ಅಣ್ಣ ಕುರಿ ಹೊಡೆದುಕೊಂಡು ಬರುವವರೆಗೂ ಅವಳು ಕಟ್ಟೆಯ ಮೇಲೆ ಕೂತು ದಾರಿ ನೋಡಿದಳು. ಅವನು ಬಂದ, ಹಟ್ಟಿಗೆ ಕುರಿ ತುಂಬಿದ, ಬಂದು ಅವಳ ಪಕ್ಕ ಕೂತ. ಚರ್ಚಿನ ಮಾತು ಇಬ್ಬರೂ ಎತ್ತಲಿಲ್ಲ. ಭಟ್ಟಿಯಲ್ಲಿ ಕೂತು ಕೂತು ಹಿಡಿದ ಮೊಣಕಾಲು ನೋವು ಹೇಗಿದೆ ಎಂದು ಅಣ್ಣ ಕೇಳಿದ. ಅವನು ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು.

ಮರುದಿನ ಭಟ್ಟಿಯಲ್ಲಿ, ಏನಾಯಿತು ಎಂದು ಮಾಬೂಬೀ ಕೇಳಿದಳು.

"ಒಳಗೇ ಕೂರಿಸಿ ಊಟಕ್ಕೆ ಹಾಕಿದ್ರು," ಎಂದಳು ಕೊಟ್ರವ್ವ. "ಅಣ್ಣ ಬಸ್ಸಿನ ತನಕ ಬಂದ. ಏನೋ ಹೇಳ್ತಾನೆ ಅಂದ್ಕಂಡೆ. ಬಸ್ಸು ಬಂದುಬಿಡ್ತು."

ಮಾಬೂಬೀ ತನ್ನ ಜರಡಿ ಎತ್ತಿಕೊಂಡಳು. ಕೊಟ್ರವ್ವ, ಅಣ್ಣ ಬಂದಾನೇನೋ ಎಂಬಂತೆ ಬಾಗಿಲ ಕಡೆ ಒಮ್ಮೆ ನೋಡಿ, ತಾನೂ ಎತ್ತಿಕೊಂಡಳು.