ಚೆನ್ನಾಗಿವ್ನಿ ಕಣವ್ವ

ನಿನ್ನೆ ಜೆ.ಪಿ. ನಗರದ ಕ್ಲಿನಿಕ್ಕಿನಲ್ಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳಲು ಕೂತಿದ್ದೆ. ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪದ್ಮನಾಭನಗರದ ನಮ್ಮ ಓನರ್ ಆಂಟಿ ಕಣ್ಣ ಮುಂದೆ ಬಂದರು. ಅವರೂ ಹೀಗೆಯೇ ಸೆರಗು ಸರಿಸಿ, ಮುಖ ಆಚೆ ತಿರುಗಿಸಿ ಕೂತಿದ್ದರು...

ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಆಂಟಿ ತಲಘಟ್ಟಪುರದ ಕಡೆ ರಾಗಿ ಬೆಳೆದುಕೊಂಡಿದ್ದವರು. ಜಮೀನು ಹೋದ ಮೇಲೆ ಇಲ್ಲಿ ಮನೆ ಕಟ್ಟಿದ್ದರು. ಸಕ್ಕರೆ ಕಾಯಿಲೆ, ಜೊತೆಗೆ ಆಸ್ತಮಾ. ಅಂಥ ವಯಸ್ಸಾದವರಲ್ಲಿ ಫ್ಲೂ ಲಸಿಕೆ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ ಎಂದು ಅಧ್ಯಯನ ಮಾಡುತ್ತಿದ್ದ ತಂಡವೊಂದು ನಮ್ಮ ಬೀದಿಗೆ ಬಂದಾಗ ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡರು. ಆಂಟಿ ಮಾತ್ರ ತಂಡದ ಹುಡುಗಿಯನ್ನು ಒಳಗೆ ಕೂರಿಸಿ, ಮಜ್ಜಿಗೆ ಕೊಟ್ಟು, ಅಧ್ಯಯನಕ್ಕೆ ಸೇರಲು ಹೂಂ ಎಂದರು. ಪಾಪ, ಬಿಸಿಲಿಗೆ ಅವಳ ಮುಖ ಬಾಡಿತ್ತು, ಇಲ್ಲ ಅನ್ನಲು ಮನಸ್ಸು ಬರಲಿಲ್ಲ ಎಂದು ಆಮೇಲೆ ನನಗೆ ಹೇಳಿದರು.

ಲಸಿಕೆ ಹಾಕಿದ ಮೇಲೆ ಪ್ರತಿ ಮಂಗಳವಾರ ಆ ಹುಡುಗಿ ಫೋನ್ ಮಾಡಿ, ಹೇಗಿದ್ದೀರಿ, ಜ್ವರ, ಕೆಮ್ಮು, ಉಬ್ಬಸ ಏನಾದರೂ ಇದೆಯೇ ಎಂದು ವಿಚಾರಿಸುತ್ತಿದ್ದಳು. ಆಂಟಿಯದು ಒಂದೇ ಉತ್ತರ.

"ಚೆನ್ನಾಗಿವ್ನಿ ಕಣವ್ವ. ನೀನು ಊಟ ಮಾಡ್ದಾ?"

ಅವರ ಕಡೆಯ ಮರ್ಯಾದೆ ಅದು. ಕ್ಷೇಮ ವಿಚಾರಿಸಿದವರ ಮುಂದೆ ನರಳಬಾರದು.

ಮಳೆಗಾಲದ ಒಂದು ಮಂಗಳವಾರ ನಾನು ಅವರ ಪಕ್ಕದಲ್ಲೇ ಇದ್ದೆ. ಆಂಟಿಯ ಮೈ ಕೆಂಡದಂತೆ ಸುಡುತ್ತಿತ್ತು, ಎದೆ ಗೊರಗುಟ್ಟುತ್ತಿತ್ತು. ಆಸ್ಪತ್ರೆಗೆ ಹೋಗೋಣ ಎಂದು ಅವರ ಸೊಸೆ ಗೋಗರೆದು ಸೋತಿದ್ದಳು. ಫೋನ್ ಬಂತು. ಆ ದಮ್ಮಿನಲ್ಲೂ ಅದೇ "ಚೆನ್ನಾಗಿವ್ನಿ". ನನಗೆ ಸಿಟ್ಟು ನೆತ್ತಿಗೇರಿತು. ಯಾಕೆ ಸುಳ್ಳು ಹೇಳುತ್ತೀರಿ ಎಂದು ಗದರಿದೆ.

"ಜ್ವರ ಅಂದ್ರೆ ಆ ಮಗು ಹಾಕ್ಸಿದ ಸೂಜಿಗೆ ಕೆಟ್ಟ ಹೆಸ್ರು ಬತ್ತದೆ. ಅದ್ರ ಕೆಲ್ಸ ಹೋದ್ರೆ?"

ಫೋನ್ ಸ್ಪೀಕರಿನಲ್ಲೇ ಇತ್ತು. ಹುಡುಗಿಗೆ ಎಲ್ಲವೂ ಕೇಳಿಸಿತ್ತು.

"ಅಜ್ಜಿ, ಜ್ವರ ಬಂದ್ರೆ ಬಂತು ಅಂತ ಬರ್ಕೊಳ್ಳೋದೇ ನನ್ನ ಕೆಲ್ಸ. ನೀವು ಮುಚ್ಚಿಟ್ರೆ, ಈ ಲಸಿಕೆ ನಿಮ್ಮಂಥವ್ರಿಗೆ ಸಾಕಾಗುತ್ತೋ ಇಲ್ವೋ ಅಂತ ಹೇಗೆ ಗೊತ್ತಾಗ್ಬೇಕು?"

ಆಂಟಿ ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡರು. ಆಮೇಲೆ ಮೆಲ್ಲಗೆ, "ಉಸ್ರಾಡಕ್ಕೆ ಆಯ್ತಿಲ್ಲ ಕಣವ್ವ" ಎಂದರು. ಸಂಜೆಯೊಳಗೆ ಅವರನ್ನು ಬನಶಂಕರಿಯ ಆಸ್ಪತ್ರೆಗೆ ಸೇರಿಸಿದೆವು.

ಸೊರಗಿ ಹೋಗಿದ್ದರೂ ಗೆದ್ದು ಮನೆಗೆ ಬಂದರು. ಅಲ್ಲಿಂದ ಮುಂದೆ ಕಷ್ಟಕ್ಕೆ ಸಿಕ್ಕಿಕೊಂಡವಳು ಆ ಹುಡುಗಿ. ಮಂಡಿನೋವು, ಹೊಟ್ಟೆಯುಬ್ಬರ, ಸೊಸೆ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದು, ಎಲ್ಲವೂ ಪ್ರತಿ ಮಂಗಳವಾರ ತಪ್ಪದೆ ವರದಿಯಾಗುತ್ತಿದ್ದವು. ಕೇಳಿ ಕೇಳಿ ನಾನೂ ಸೊಸೆಯೂ ನಗುತ್ತಿದ್ದೆವು.

ಮುಂದಿನ ಬೇಸಿಗೆಯಲ್ಲಿ ಆಂಟಿ ನಿದ್ದೆಯಲ್ಲೇ ಹೋಗಿಬಿಟ್ಟರು. ಹೃದಯ ನಿಂತಿತ್ತು ಎಂದರು ಡಾಕ್ಟರು. ಮಂಗಳವಾರ ಫೋನ್ ಬಂದಾಗ ಸೊಸೆ ಅದನ್ನು ನನ್ನ ಕೈಗಿಟ್ಟಳು. ಅಜ್ಜಿ ಹೇಗಿದ್ದಾರೆ ಎಂದು ಕೇಳಿದಳು ಹುಡುಗಿ. ಒಂದು ಕ್ಷಣ ಆಂಟಿಯ ಹಾಗೆಯೇ ಚೆನ್ನಾಗಿದ್ದಾರೆ ಎಂದುಬಿಡಬೇಕು ಅನಿಸಿತು... ನಿಜ ಹೇಳಿದೆ. ಆ ಕಡೆ ಅವಳು ಅತ್ತಳು, ಈ ಕಡೆ ನಾನು. ಅಧ್ಯಯನದ ಫಲಿತಾಂಶ ಏನಾಯಿತೋ ನನಗೆ ತಿಳಿಯದು. ಆಂಟಿಯ ಜ್ವರವೂ ಅದರಲ್ಲಿ ಸೇರಿದೆ ಎಂಬುದಷ್ಟೇ ಗೊತ್ತು.

ನಿನ್ನೆ ಸೂಜಿ ಹಾಕಿ ಮುಗಿಸಿದ ಮೇಲೆ ನರ್ಸ್, "ನಿಮ್ ಕಡೆ ಶುಗರ್ ಇರೋ ವಯಸ್ಸಾದವ್ರು ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ ಮೇಡಂ" ಎಂದಳು.

ಒಬ್ಬರಿದ್ದರು ಎಂದೆ.