ಅಡ್ಡಕ್ಕೆ ಆಡಿದ ಲೆನ್ನಿ

ಲೆನ್ನಿ ಟ್ಯಾಟರ್ಸಲ್‌ನನ್ನು ನಮ್ಮ ಕ್ಲಾಡೆನ್ ಊರಿನಲ್ಲಿ ಲೆನ್ನಿ ಎಂದು ಕರೆದವರು ಬಹಳ ಕಡಿಮೆ. ಹೆತ್ತ ತಾಯಿ ಕರೆಯುತ್ತಿದ್ದಳು, ನಾನು ಕರೆಯುತ್ತಿದ್ದೆ. ಉಳಿದವರಿಗೆಲ್ಲ ಅವನು ಏಡಿ. ಕ್ಲಾಡೆನ್ ಟೌನ್ ಫುಟ್‌ಬಾಲ್ ತಂಡಕ್ಕೆ ಹದಿನಾಲ್ಕು ವರ್ಷ ಮೈದಾನದ ನಡುವೆ ಆಡಿದ ಮನುಷ್ಯ, ಸಿಕ್ಕ ಚೆಂಡನ್ನೆಲ್ಲ ಎಡಕ್ಕೆ ಕೊಟ್ಟ, ಇಲ್ಲವೇ ಬಲಕ್ಕೆ ಕೊಟ್ಟ. ಮುಂದಕ್ಕೆ ಮಾತ್ರ ಕೊಡಲಿಲ್ಲ. ಎದುರಾಳಿಯ ಗೋಲಿನ ಬಲೆ ಯಾವ ಬಣ್ಣದ್ದೋ ಮಾರಾಯ ಎಂದು ಕೇಳಿದ್ದರೆ ಅವನು ಯಾರನ್ನಾದರೂ ವಿಚಾರಿಸಿ ಹೇಳಬೇಕಿತ್ತು.

ನಾನು ಮೇವಿಸ್. ಕ್ಲಬ್ಬಿನಲ್ಲಿ ಚಹಾ ಕಾಸುವವಳು, ಮಾಂಸ ತುಂಬಿದ ಪೈ ಬಿಸಿ ಮಾಡುವವಳು, ಆಟಗಾರರ ಅಂಗಿ ಚಡ್ಡಿ ಒಗೆಯುವವಳು. ಗಂಡಸರನ್ನು ಅಳೆಯಬೇಕಾದರೆ ಅವರ ಚಡ್ಡಿ ಒಗೆದು ನೋಡಬೇಕು. ನಮ್ಮ ತಂಡದಲ್ಲಿ ಸಿನಿಮಾ ನಟನಂತೆ ಕೂದಲು ಬಿಟ್ಟ ಮುಂಚೂಣಿ ಆಟಗಾರನೊಬ್ಬನಿದ್ದ. ಹೆಂಗಸರೆಲ್ಲ ಅವನ ಹಿಂದೆ. ಅವನ ಚಡ್ಡಿ ಹೋದ ಹಾಗೇ ವಾಪಸ್ ಬರುತ್ತಿತ್ತು, ಇಸ್ತ್ರಿಯ ಗೆರೆ ಕೂಡ ಮಾಸುತ್ತಿರಲಿಲ್ಲ. ಲೆನ್ನಿಯದು ಸೊಂಟದವರೆಗೆ ಕೆಸರು. ಎದುರಾಳಿಯ ಕಾಲಬುಡಕ್ಕೆ ಬಿದ್ದು, ಒದೆ ತಿಂದು, ಚೆಂಡು ಕಿತ್ತುಕೊಂಡು ಎದ್ದು ನಿಲ್ಲುತ್ತಿದ್ದ. ಅಷ್ಟೆಲ್ಲ ಕಷ್ಟಪಟ್ಟು ಗಳಿಸಿದ್ದನ್ನು ಪಕ್ಕದವನಿಗೆ ಕೊಟ್ಟು ಸುಮ್ಮನಾಗುತ್ತಿದ್ದ.

ಈ ಬುದ್ಧಿ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾವಿಬ್ಬರೂ ಒಂದೇ ಬೀದಿಯವರು. ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಒಂದು ಕಿರುಓಣಿ, ಅಲ್ಲೇ ಹುಡುಗರ ಆಟ. ಸೋಮವಾರ ಒಗೆಯುವ ದಿನ. ಓಣಿಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಬೀದಿಯ ಹಾಸಿಗೆ ಬಟ್ಟೆಯನ್ನೆಲ್ಲ ಒಣಹಾಕುತ್ತಿದ್ದರು. ಚೆಂಡು ಮುಂದಕ್ಕೆ ಹೋದರೆ ಯಾರದೋ ಬಿಳಿ ಹೊದಿಕೆಗೆ ಕೆಸರು. ನಮ್ಮಮ್ಮ ಹಗ್ಗಕ್ಕೆ ಆನಿಸಿದ ಗಳ ಹಿಡಿದುಕೊಂಡೇ ಬರುತ್ತಿದ್ದಳು. ಬೇರೆ ಹುಡುಗರು ಏಟು ತಿಂದು ಮರೆತರು. ಲೆನ್ನಿ ಏಟು ತಿಂದು ಕಲಿತ. ಚೆಂಡನ್ನು ಗೋಡೆಗೆ ಬಡಿದು ಅಡ್ಡಕ್ಕೆ ಆಡುವುದು ಅಲ್ಲಿಂದ ಶುರುವಾಯಿತು.

ಏಡಿ ಎಂದು ಹೆಸರಿಟ್ಟವನು ಹೊರಗಿನವನಲ್ಲ, ಅವನ ಅಪ್ಪ ಪರ್ಸಿ. ಬಸ್ ಓಡಿಸುತ್ತಿದ್ದ ಪರ್ಸಿಗೆ ಮೈದಾನದ ಗಡಿಯಾರದ ಕೆಳಗೆ, ಕಬ್ಬಿಣದ ಕಂಬಿಯ ಬಳಿ ಒಂದು ಜಾಗವಿತ್ತು. ಮಗ ಮೊದಲ ಸಲ ತಂಡಕ್ಕೆ ಇಳಿದ ದಿನ ಊರೆಲ್ಲ ಚಪ್ಪಾಳೆ ತಟ್ಟುತ್ತಿದ್ದರೆ, ಆ ಕಂಬಿಯಿಂದ ಒಂದು ಗಂಟಲು ಎದ್ದಿತು.

“ಲೇ ಏಡಿ! ಮುಂದಕ್ಕೆ ಕೊಡೋ! ನಿನ್ನ ಕಾಲೇನು ಅಡ್ಡಕ್ಕೆ ಹುಟ್ಟಿದ್ಯಾ?”

ಜನ ನಕ್ಕರು, ಹೆಸರು ಅಂಟಿಕೊಂಡಿತು. ಅಪ್ಪ ಆದವನು ಹೀಗೆ ಮಾಡಬಹುದೇ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೆ ಅದೇ ವಾರ ಪಬ್ಬಿನಲ್ಲಿ ಪಕ್ಕದೂರಿನವನೊಬ್ಬ, “ನಿಮ್ಮ ಆ ಏಡಿ ಇದಾನಲ್ಲ” ಎಂದು ಬಾಯಿ ತೆಗೆದದ್ದೇ ತಡ, ಪರ್ಸಿ ಎದ್ದು ಅವನ ಮೂಗಿಗೆ ಗುದ್ದಿದ.

“ಏಡಿ ಅನ್ನೋಕೆ ನೀನ್ಯಾರೋ? ಅವನು ನನ್ನ ಏಡಿ!”

ಇಂಥ ಅಪ್ಪನಿಗೂ ಮಗನಿಗೂ ಇದ್ದದ್ದು ಒಂದೇ ಜಗಳ. ಭಾನುವಾರ ಮಧ್ಯಾಹ್ನ ಹುರಿದ ಮಾಂಸ, ಆಲೂಗಡ್ಡೆ, ಅದರ ಮೇಲೆ ಸಾರು, ಅದರ ಮೇಲೆ ಈ ಜಗಳ.

“ನೀನು ಒಂದೇ ಒಂದು ಸಲ ಮುಂದಕ್ಕೆ ನುಗ್ಗಿದ್ರೆ ನಾವು ಮೇಲಿನ ದರ್ಜೆಗೆ ಹೋಗ್ತಿದ್ವಿ ಕಣೋ” ಎಂದು ಅಪ್ಪ.

“ನಾನು ಅಡ್ಡಕ್ಕೆ ಕೊಡ್ದೆ ಇದ್ದಿದ್ರೆ ಯಾವತ್ತೋ ಕೆಳಗಿನ ದರ್ಜೆಗೆ ಬೀಳ್ತಿದ್ವಿ ಅಪ್ಪಾ” ಎಂದು ಮಗ.

“ಸಾರು ಈ ಕಡೆ ಕೊಡಿ” ಎಂದು ತಾಯಿ.

ಲೆನ್ನಿಗೆ ಜೀವಮಾನದಲ್ಲಿ ಬೇಕಾಗಿದ್ದದ್ದು ಇದೊಂದೇ: ಅಪ್ಪ ಒಂದು ಸಲ ತಟ್ಟೆ ಸರಿಸಿ, ಹೋಗ್ಲಿ ಬಿಡು, ನೀನು ಹೇಳಿದ್ದೇ ಸರಿ ಎನ್ನಬೇಕು. ದೊಡ್ಡ ಊರಿನ ದೊಡ್ಡ ಕ್ಲಬ್ಬೊಂದು ಅವನನ್ನು ಕರೆದುಕೊಂಡು ಹೋಗಿ, ಒಂದು ಚಳಿಗಾಲ ಬೆಂಚಿನ ಮೇಲೆ ಕೂರಿಸಿ, ವಾಪಸ್ ಕಳಿಸಿತು. ಅದಕ್ಕೆ ಅವನು ಅಷ್ಟು ಬೇಸರಪಡಲಿಲ್ಲ. ಮೊಣಕಾಲು ಹೋಗಿ ಆಟ ನಿಂತಾಗಲೂ ಕುಂಟುತ್ತಲೇ ತಮಾಷೆ ಮಾಡಿದ. ಆದರೆ ವಿದಾಯದ ಪಂದ್ಯದಲ್ಲಿ ಎಲ್ಲರೂ ಎದ್ದು ನಿಂತಾಗ ಪರ್ಸಿ ಕಂಬಿಯಿಂದ, “ಇನ್ನಾದ್ರೂ ಮುಂದಕ್ಕೆ ಹೋಗೋ!” ಎಂದು ಕೂಗಿದನಲ್ಲ, ಆವತ್ತು ಮಾತ್ರ ನನ್ನ ಚಹಾ ಗೂಡಿಗೆ ಬಂದು ಒಂದರ ಮೇಲೊಂದು ಎರಡು ಪೈ ತಿಂದ.

ಕೆಲವು ವರ್ಷ ಅವರಿವರ ಮನೆಯ ಕಿಟಕಿ ಗಾಜು ಒರೆಸಿದ. ಆಮೇಲೆ ಕ್ಲಬ್ಬಿಗೇ ಮರಳಿ ಹುಡುಗರಿಗೆ ಕಲಿಸತೊಡಗಿದ. ಒಬ್ಬ ಕೋಚ್ ಓಡಿಹೋಗಿ, ಇನ್ನೊಬ್ಬನನ್ನು ಓಡಿಸಿ, ಮತ್ಯಾರೂ ಸಿಗದೆ ಹೋದಾಗ, ನಮ್ಮ ಅಧ್ಯಕ್ಷ, ಅಂದರೆ ರತ್ನಗಂಬಳಿ ಅಂಗಡಿಯ ಯಜಮಾನ, ಲೆನ್ನಿಯನ್ನೇ ಮುಖ್ಯ ಕೋಚ್ ಮಾಡಿದ. ಲೆನ್ನಿ ಏನು ಕಲಿಸಿದನೆಂದು ಬೇರೆ ಹೇಳಬೇಕೆ? ಮೊದಲು ಒಬ್ಬ ಏಡಿ ಇದ್ದ, ಈಗ ಹನ್ನೊಂದು. ನಿದ್ದೆ ಬಾರದವರು ನಮ್ಮ ಪಂದ್ಯಕ್ಕೆ ಬರುತ್ತಿದ್ದರು. ಗೋಲಿಲ್ಲದ ಡ್ರಾ, ಮತ್ತೆ ಗೋಲಿಲ್ಲದ ಡ್ರಾ. ಆದರೆ ತಂಡ ಕೆಳಗೆ ಬೀಳಲಿಲ್ಲ, ಇದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪರ್ಸಿ ಕಂಬಿ ಹಿಡಿದು ಕೂಗುತ್ತಲೇ ಇದ್ದ.

ಹಾಗೆ ಕೂಗುತ್ತಲೇ ಒಂದು ಜನವರಿಯಲ್ಲಿ ಎದೆಗೆ ಶೀತ ಕಟ್ಟಿಸಿಕೊಂಡು ಆಸ್ಪತ್ರೆ ಸೇರಿದ. ನಾನೂ ನೋಡಲು ಹೋಗಿದ್ದೆ. ಮಗನನ್ನು ಹತ್ತಿರ ಕರೆದ. ಮುದುಕ ಈಗಲಾದರೂ ಆ ಮಾತು ಹೇಳುತ್ತಾನೆ ಎಂದುಕೊಂಡೆ. ಲೆನ್ನಿಯೂ ಹಾಗೇ ಅಂದುಕೊಂಡಿರಬೇಕು, ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

“ನನ್ನ ಬೂದೀನ ಎಲ್ಲರ ಥರ ನಡುಮೈದಾನದಲ್ಲಿ ಹಾಕ್ಬೇಡ” ಎಂದ ಪರ್ಸಿ. “ಕಾಲುವೆ ಕಡೆ, ಎದುರಾಳಿ ಗೋಲಿನ ಮುಂದೆ ಹಾಕು. ನೀನಂತೂ ಆ ಕಡೆ ತಲೆ ಹಾಕಿ ಮಲಗ್ಲಿಲ್ಲ. ನಮ್ಮ ಮನೇಲಿ ಒಬ್ಬರಾದ್ರೂ ಅಲ್ಲಿಗೆ ಹೋದಹಾಗಾಗ್ಲಿ.”

“ಆಯ್ತಪ್ಪಾ.”

“ಗಾಳೀಲಿ ತೂರ್ಬೇಡ. ಅಡ್ಡಕ್ಕೆ ಹೋಗಿಬಿಡ್ತೀನಿ.”

ಇದೇ ಅವನ ಕೊನೆಯ ಮಾತು. ಮೂರು ದಿನಕ್ಕೆ ಹೋದ. ಲೆನ್ನಿಯ ಜಗಳ ತೀರ್ಪಿಲ್ಲದೆ ಉಳಿಯಿತು.

ನಮ್ಮೂರಿನವರಿಗೆ ಸ್ವರ್ಗದ ಮೇಲೆ ಅಷ್ಟಾಗಿ ನಂಬಿಕೆಯಿಲ್ಲ, ಮೈದಾನದ ಮೇಲಿದೆ. ಸತ್ತವರ ಬೂದಿ ತಂದು ಹುಲ್ಲಿನ ಮೇಲೆ ಚೆಲ್ಲುವುದು ಹಳೆಯ ವಾಡಿಕೆ. ಮೈದಾನ ನೋಡಿಕೊಳ್ಳುವ ಸೆತ್‌ಗೆ ಇದು ಕಂಡರಾಗದು. “ಇನ್ನೊಂದಿಷ್ಟು ಜನ ಸತ್ರೆ ಇಲ್ಲಿ ಹುಲ್ಲು ಬೆಳೆಯಲ್ಲ, ಗೋರಿ ಬೆಳೀತದೆ” ಎನ್ನುತ್ತಿದ್ದ. ಆದರೂ ಪರ್ಸಿಗಾಗಿ ಗುದ್ದಲಿ ತಂದುಕೊಟ್ಟ. ಅಪ್ಪ ತೂರಬೇಡ ಎಂದಿದ್ದರಿಂದ ಲೆನ್ನಿ ಕಾಲುವೆ ಕಡೆಯ ಗೋಲಿನ ಮುಂದೆ ಹುಲ್ಲಿನ ಹೆಂಟೆ ಎತ್ತಿ, ಪೂರ್ತಿ ಬೂದಿಯನ್ನು ಹೂತು, ಮೇಲೆ ಹೆಂಟೆ ಮುಚ್ಚಿ ತುಳಿದ. ಎಷ್ಟು ತುಳಿದರೂ ಒಂದು ಉಬ್ಬು ಉಳಿಯಿತು. ಸೆತ್ ಅದರ ಮೇಲೆ ಉರುಳೆ ಎಳೆದ, ಒಂದು ವಾರ ತಗ್ಗಿತು, ಮಳೆ ಬಂದು ಮತ್ತೆ ಎದ್ದಿತು. ಬದುಕಿದ್ದಾಗಲೂ ಪರ್ಸಿ ಹೇಳಿದಲ್ಲಿ ಕೂರುವವನಲ್ಲ.

“ಇರ್ಲಿ ಬಿಡು” ಎಂದೆ ನಾನು. “ಎದುರಾಳಿ ಗೋಲು ತಾನೆ? ಎಡವಿದ್ರೆ ಅವರು ಎಡವ್ತಾರೆ.”

ಸೆತ್ ಹೌದೆಂದು ತಲೆಯಾಡಿಸಿದ. ಲೆನ್ನಿಯೂ ತಲೆಯಾಡಿಸಿದ. ಈ ತಪ್ಪನ್ನು ಕ್ಲಾಡೆನ್‌ನವರು ಮಾತ್ರ ಮಾಡಲು ಸಾಧ್ಯ. ನಮ್ಮ ತಂಡ ಯಾವಾಗಲೂ ಎರಡನೆಯ ಅರ್ಧದಲ್ಲಿ ಕಾಲುವೆ ಕಡೆಗೆ ನುಗ್ಗಿ ಆಡುತ್ತದೆ. ಅಜ್ಜಂದಿರ ಕಾಲದಿಂದ ಅದು ನಮಗೆ ಎದುರಾಳಿಯ ಗೋಲು. ಮೊದಲ ಅರ್ಧದಲ್ಲಿ ಅದನ್ನು ಕಾಯುವವರು ನಾವೇ ಎಂಬುದು ಊರಿಗೆ ಊರೇ ಮರೆತಿತ್ತು.

ಮೇ ತಿಂಗಳು ಬಂತು, ಆ ವರ್ಷದ ಲೀಗಿನ ಕೊನೆಯ ಪಂದ್ಯ. ಡ್ರಾ ಆದರೆ ಉಳಿದೆವು, ಸೋತರೆ ಕೆಳಗಿನ ದರ್ಜೆಗೆ. ಡ್ರಾ ಮಾಡುವುದರಲ್ಲಿ ಲೆನ್ನಿಯನ್ನು ಮೀರಿಸುವವರು ದೇಶದಲ್ಲೇ ಇರಲಿಲ್ಲ, ಹಾಗಾಗಿ ನಾನು ನೆಮ್ಮದಿಯಿಂದ ಪೈ ಮಾರುತ್ತಿದ್ದೆ. ಚೆಂಡು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ವಿರಾಮಕ್ಕೆ ಸ್ವಲ್ಪ ಮುಂಚೆ ಎದುರಾಳಿಯ ಹುಡುಗನೊಬ್ಬ ದೂರದಿಂದ ಒದ್ದ. ಅದನ್ನು ಒದೆ ಎನ್ನಬಾರದು, ಬೆಕ್ಕನ್ನು ಮನೆಯಿಂದಾಚೆ ಸರಿಸಿದ ಹಾಗಿತ್ತು. ನಮ್ಮ ಗೋಲ್‌ಕೀಪರ್ ಆರಾಮವಾಗಿ ಬಗ್ಗಿ ಎರಡು ಕೈ ಚಾಚಿದ. ಚೆಂಡು ಆ ಉಬ್ಬಿಗೆ ತಾಗಿ ಚಂಗನೆ ಹಾರಿ, ಅವನ ಹೆಗಲು ದಾಟಿ ಬಲೆಯೊಳಗೆ ಹೋಯಿತು.

ನನ್ನ ಗೂಡಿನ ಬಾಗಿಲಲ್ಲಿ ನಿಂತಿದ್ದ ಸೆತ್ ಟೋಪಿ ತೆಗೆದ.

“ಪರ್ಸಿ” ಎಂದ.

ವಿರಾಮದಲ್ಲಿ ಚಹಾ ತಟ್ಟೆ ಹೊತ್ತು ಆಟಗಾರರ ಕೋಣೆಗೆ ಹೋದೆ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಲೆನ್ನಿ ಗೋಡೆ ನೋಡುತ್ತ ನಿಂತಿದ್ದವನು ತಿರುಗಿದ. ಬಾಯಿಂದ ಬಂದದ್ದು ಅವನ ದನಿಯಲ್ಲ, ಕಂಬಿಯ ಬಳಿಯ ಆ ಗಂಟಲು.

“ಲೇ, ನಿಮ್ಮ ಕಾಲೇನು ಅಡ್ಡಕ್ಕೆ ಹುಟ್ಟಿದ್ಯಾ? ಮುಂದಕ್ಕೆ ಕೊಡ್ರೋ!”

ನಾಯಕ ಕಣ್ಣು ಕಣ್ಣು ಬಿಟ್ಟ. “ಬಾಸ್, ಅಡ್ಡಕ್ಕೆ ಕೊಡಿ, ಅಡ್ಡಕ್ಕೆ ಕೊಡಿ ಅಂತ ಇಷ್ಟು ದಿನ ನೀವೇ ತಾನೆ...”

“ಅದು ನಾನು ಹೇಳಿದ್ದು. ಇದು ನಮ್ಮಪ್ಪ ಹೇಳ್ತಿರೋದು. ನಡೀರಿ!”

ಹುಡುಗರು ನುಗ್ಗಿದರು. ಬಿಚ್ಚಿ ಬಿಟ್ಟ ಕರುಗಳ ಹಾಗೆ ನುಗ್ಗಿದರು. ನಾನು ಪೈ ಮಾರುವುದನ್ನೇ ಮರೆತೆ. ಅರ್ಧ ಗಂಟೆಯೊಳಗೆ, ಅದೇ ಕಾಲುವೆ ಕಡೆ, ನಾಯಕ ತಲೆಯಿಂದ ಗೋಲು ಹೊಡೆದ. ಒಂದಕ್ಕೆ ಒಂದು, ನಾವು ಉಳಿದೆವು. ಇನ್ನೇನು, ಚೆಂಡನ್ನು ಅಲ್ಲಿ ಇಲ್ಲಿ ಸುತ್ತಾಡಿಸಿದರೆ ಮುಗಿಯಿತು. ಆಗ ಒಂದು ವಿಚಿತ್ರ ನಡೆಯಿತು. ಲೆನ್ನಿಯ ಜೀವಮಾನವಿಡೀ ಏಡಿ ಏಡಿ ಎಂದು ಹಂಗಿಸಿದ ಅದೇ ಜನ ಎದ್ದು ನಿಂತು ಕೂಗಿದರು:

“ಅಡ್ಡಕ್ಕೆ! ಅಡ್ಡಕ್ಕೆ ಕೊಡ್ರೋ!”

ಲೆನ್ನಿ ಮೈದಾನದ ಅಂಚಿನ ಗೆರೆಯ ಬಳಿ ನಿಂತು ಗಡಿಯಾರದ ಕೆಳಗಿನ ಖಾಲಿ ಜಾಗವನ್ನು ನೋಡಿದ. ಆಮೇಲೆ ಕೈಯೆತ್ತಿ ಬೀಸಿದ. “ಮುಂದಕ್ಕೆ!”

ಹುಡುಗರು ಎಲ್ಲರೂ ಮುಂದೆ ಹೋದರು. ಹಿಂದೆ ಗೋಲ್‌ಕೀಪರ್ ಒಬ್ಬನೇ ಉಳಿದ. ಎದುರಾಳಿಗಳು ಚೆಂಡು ಕಿತ್ತುಕೊಂಡು, ಸಂತೆಗೆ ಹೊರಟವರಂತೆ ಯಾರ ಅಡ್ಡಿಯೂ ಇಲ್ಲದೆ ಬಂದು, ನಮ್ಮ ಬಲೆಗೆ ಗೋಲು ಹೊಡೆದರು. ರೆಫರಿ ಸೀಟಿ ಊದಿದ. ನಾವು ಬಿದ್ದೆವು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಊರಿನವರಲ್ಲಿ ಅರ್ಧ ಜನ ಅಳುತ್ತಿದ್ದರು, ಉಳಿದರ್ಧ ಲೆನ್ನಿಯನ್ನು ಕಾಲುವೆಗೆ ಎಸೆಯುವ ಮಾತಾಡುತ್ತಿದ್ದರು. ಅಧ್ಯಕ್ಷ ಅವನನ್ನು ತೆಗೆದುಹಾಕಲು ಹೊರಟು, ಬಿದ್ದ ಮನೆಗೆ ಯಾರೂ ಬಾಡಿಗೆಗೆ ಬರುವುದಿಲ್ಲವೆಂದು ನೆನಪಾಗಿ ಸುಮ್ಮನಾದ.

ಸೋಮವಾರ ಬೆಳಿಗ್ಗೆ ನಾನು ಅಂಗಿ ಒಣಹಾಕುತ್ತಿದ್ದಾಗ ಲೆನ್ನಿ ಬಂದ. ಚಹಾ ಕೊಟ್ಟೆ. ಹಾಲು ಹಾಕಲಿಲ್ಲ, ಸಕ್ಕರೆ ಹಾಕಲಿಲ್ಲ, ಬಿಸಿಯನ್ನೂ ಮಾಡಲಿಲ್ಲ.

“ಡ್ರಾ ಸಾಕಾಗಿತ್ತಲ್ಲೋ ಪಾಪಿ” ಎಂದೆ. “ಏನು ಬಂದಿತ್ತು ನಿನಗೆ?”

“ಬದುಕೆಲ್ಲಾ ಬೈಸಿಕೊಂಡೆ ಮೇವಿಸ್. ಅಪ್ಪ ಹೇಳಿದ್ದನ್ನ ಒಂದು ಸಲನಾದ್ರೂ ಮಾಡಿ ನೋಡೋಣ ಅನ್ನಿಸ್ತು.”

“ನೋಡಿದ್ಯಲ್ಲ? ಏನು ಗೊತ್ತಾಯ್ತು?”

ಅವನು ಆ ತಣ್ಣನೆಯ ಚಹಾ ಕುಡಿದ. ಮುಖ ನಿಧಾನವಾಗಿ ಅರಳಿತು.

“ಅಪ್ಪ ಹೇಳ್ತಿದ್ದಿದ್ದು ತಪ್ಪು ಅಂತ ಗೊತ್ತಾಯ್ತು.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವನು ಲೋಟ ಕೆಳಗಿಟ್ಟು, ಕುಂಟುತ್ತ, ಖಾಲಿ ಮೈದಾನದಲ್ಲಿ ನೇರವಾಗಿ ಕಾಲುವೆ ಕಡೆಯ ಗೋಲಿಗೆ ನಡೆದ. ಉಬ್ಬಿನ ಮುಂದೆ ನಿಂತು ಸೊಂಟದ ಮೇಲೆ ಕೈಯಿಟ್ಟ.

“ಕೇಳಿಸ್ತಾ ಅಪ್ಪಾ?” ಎಂದು ಕೂಗಿದ. “ಅಡ್ಡಕ್ಕೇ ಸರಿ! ನಾನು ಹೇಳಿದ್ದೇ ಸರಿ!”

ಆಮೇಲೆ ತಲೆಯನ್ನು ಒಂದಿಷ್ಟು ಗಡಿಯಾರದ ಕಡೆಗೆ ವಾಲಿಸಿ, ಕಿವಿಗೊಟ್ಟು ನಿಂತ. ಯಾರೂ ತಿರುಗಿ ಬೈಯಲಿಲ್ಲ. ನಾನು ಹಗ್ಗದ ಮೇಲಿನ ಅಂಗಿಯನ್ನೆಲ್ಲ ಹರವಿ ಮುಗಿಸಿದರೂ ಅವನು ಅಲ್ಲೇ ಕಾಯುತ್ತಿದ್ದ.