ಮೇಲ್ವಿಚಾರಕನ ಜೀಪಿಗೆ ಹಳೆಯ ಬ್ಯಾಟರಿ

ಆಸ್ಪತ್ರೆಯ ವಾಹನಗಳ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಬ್ಯಾಟರಿ ಅಕ್ಕ ಎನ್ನುತ್ತಿದ್ದರು. ಗಿಡ್ಡ ಆಳು, ಆಸಿಡ್ ಸಿಡಿದು ತೂತುಬಿದ್ದ ನೀಲಿ ಕೋಟು, ಅಳೆದು ತೂಗಿ ಆಡುವ ಮಾತು. ಕೆಲಸ ಕೇಳಿಕೊಂಡು ಬಂದ ದಿನ ತಾನು ಯಾರ ತಂಗಿ ಎಂದು ಅವಳು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಅವಳ ಅಣ್ಣ ಅದೇ ಶೆಡ್ಡಿನಲ್ಲಿ ಹನ್ನೊಂದು ವರ್ಷ ಆಂಬುಲೆನ್ಸ್ ಓಡಿಸಿದ್ದ. ಹಿಂದಿನ ಚಳಿಗಾಲದ ಒಂದು ಬೆಳಿಗ್ಗೆ, ಬೆರಳು ಮರಗಟ್ಟುವಂಥ ಥಂಡಿಯಲ್ಲಿ, ಶಾಲೆಯ ಮೇಷ್ಟ್ರೊಬ್ಬರಿಗೆ ಎದೆನೋವೆಂದು ಕರೆ ಬಂತು. ಅಣ್ಣ ಕೀಲಿ ತಿರುಗಿಸಿದ. ಎಂಜಿನ್ ನರಳಿತು, ಏಳಲಿಲ್ಲ. ಬೇರೆ ಗಾಡಿಯ ಬ್ಯಾಟರಿಯಿಂದ ತಂತಿ ಕೊಟ್ಟು ಎಬ್ಬಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ಮೇಷ್ಟ್ರು ಮನೆಯ ಮೆಟ್ಟಿಲ ಮೇಲೆಯೇ ತೀರಿಕೊಂಡಿದ್ದರು.

ವರದಿ ಬರೆದವನು ಶೆಡ್ಡಿನ ಮೇಲ್ವಿಚಾರಕ. ಗಾಡಿಗೆ ಎರಡು ತಿಂಗಳ ಹಿಂದಷ್ಟೇ ಹೊಸ ಬ್ಯಾಟರಿ ಕೊಡಲಾಗಿದೆ, ಹಿಂದಿನ ಸಂಜೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿದೆ, ಚಾಲಕನೇ ಒರಟಾಗಿ ಕೀಲಿ ತಿರುಗಿಸಿ ಅದನ್ನು ಬರಿದು ಮಾಡಿದ್ದಾನೆ ಎಂದು ಬರೆದ. ಅಣ್ಣನ ಕೆಲಸ ಹೋಯಿತು. ಒಮ್ಮೆ ಅಂಗಡಿಯ ಮುಂದೆ ಮೇಷ್ಟ್ರ ಹೆಂಡತಿ ಅವನನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟಿಹೋದರು. ಅಂದಿನಿಂದ ಅವನು ಹೊಸ್ತಿಲು ದಾಟಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದ. ತಂಗಿ ಮೋಟಾರಿಗೆ ತಂತಿ ಸುತ್ತುವ ಅಂಗಡಿಯ ಕೆಲಸ ಬಿಟ್ಟು ಶೆಡ್ಡಿಗೆ ಸೇರಿದ್ದು ಆಗ.

ಸೇರಿದ ಮೂರನೆಯ ವಾರ ಮೇಲ್ವಿಚಾರಕನ ಜೀಪಿನ ಬ್ಯಾಟರಿ ಒರೆಸುತ್ತಿದ್ದವಳಿಗೆ ಅದರ ಮೇಲೆ ಕೊರೆದ ನಂಬರ್ ಕಂಡಿತು. ಉಗ್ರಾಣದ ಪುಸ್ತಕದಲ್ಲಿ ಅದೇ ನಂಬರ್ ಆಂಬುಲೆನ್ಸಿನ ಹೆಸರಿನಲ್ಲಿತ್ತು. ಹೊಸದನ್ನು ಅವನು ತನ್ನ ಜೀಪಿಗೆ ಹಾಕಿಕೊಂಡು, ಜೀಪಿನ ಹಳೆಯದನ್ನು ಆಂಬುಲೆನ್ಸಿಗೆ ತಳ್ಳಿದ್ದ. ಮೇಷ್ಟ್ರು ಸತ್ತ ಮೇಲೆ ಆಂಬುಲೆನ್ಸಿಗೆ ಸದ್ದಿಲ್ಲದೆ ಇನ್ನೊಂದು ಬಂದಿತ್ತು. ಪುಸ್ತಕದಲ್ಲಿ ಜೀಪಿನ ಹೆಸರಿನಲ್ಲಿದ್ದ ಆ ಹಳೆಯದು ಗುಜರಿ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು.

ಅವತ್ತೇ ಹೇಳಬಹುದಿತ್ತು, ಹೇಳಲಿಲ್ಲ. ಕಣ್ತಪ್ಪಿನಿಂದ ಅದಲುಬದಲಾಯಿತು ಎಂದು ಅವನು ಜಾರಿಕೊಳ್ಳುತ್ತಾನೆ ಎಂದು ಗೊತ್ತಿತ್ತು. ಅಣ್ಣ ಕೂತ ಹಾಗೆ ಅವನೂ ಕೀಲಿ ಹಿಡಿದು ಕೂರಬೇಕು, ನಾಲ್ಕು ಜನ ನೋಡಬೇಕು. ಅಷ್ಟಿಲ್ಲದೆ ಅವಳ ಎದೆಯ ಕಿಚ್ಚು ಆರುವಂತಿರಲಿಲ್ಲ. ಐದು ತಿಂಗಳು ಅವನಿಗೆ ನಮಸ್ಕಾರ ಹೇಳುತ್ತ, ಚಳಿಗಾಗಿ ಕಾದಳು. ಊರೆಲ್ಲ ಸ್ವೆಟರ್ ಹುಡುಕುವಾಗ ಅವಳೊಬ್ಬಳು ಒಳಗೊಳಗೇ ಹಿಗ್ಗಿದಳು.

ಆಸ್ಪತ್ರೆಯ ನಿರ್ದೇಶಕಿ ಶೆಡ್ಡು ನೋಡಲು ಬರುವ ಹಿಂದಿನ ದಿನ ಮಧ್ಯಾಹ್ನ, ಹಳೆಯ ಬ್ಯಾಟರಿಗೆ ಪೂರ್ತಿ ಚಾರ್ಜ್ ಕೊಟ್ಟು, ಹೊಸದನ್ನು ತೆಗೆದು ಅದನ್ನು ಜೀಪಿಗೆ ಹಾಕಿದಳು. ಬಿಸಿಲಿತ್ತು. ಮೇಲ್ವಿಚಾರಕ ಒಂದೇ ತಿರುವಿಗೆ ಸ್ಟಾರ್ಟ್ ಮಾಡಿ ಡೀಸೆಲ್ ತುಂಬಿಸಿಕೊಂಡು ಬಂದ. ಬದಲಾದದ್ದು ಅವನಿಗೆ ಗೊತ್ತಾಗಲೇ ಇಲ್ಲ.

ಮರುದಿನ ಬೆಳಿಗ್ಗೆ ಜೀಪಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಶೆಡ್ಡು ನೋಡಿದ ನಿರ್ದೇಶಕಿಯನ್ನು ಬಿಟ್ಟುಬರಲೆಂದು ಪಕ್ಕದಲ್ಲಿ ಕೂರಿಸಿಕೊಂಡು ಅವನು ಕೀಲಿ ತಿರುಗಿಸಿದ. ಗುರ್ ಎಂದು ನಿಂತಿತು. ಮತ್ತೆ ತಿರುಗಿಸಿದ, ಟಿಕ್ ಟಿಕ್ ಎಂದಿತು. ಚಾಲಕರೆಲ್ಲ ಬಂದು ಸುತ್ತ ನಿಂತರು. ಅವನ ಕಿವಿ ಕೆಂಪಾಯಿತು.

"ಬ್ಯಾಟರಿಗೆ ಏನ್ ಮಾಡಿದೀಯಮ್ಮ? ನಿನ್ನೆ ಸರಿಯಾಗೇ ಇತ್ತಲ್ಲ," ಎಂದ.

"ನಿನ್ನೆ ಮಧ್ಯಾಹ್ನ ಸರಿಯಾಗಿತ್ತು ಸಾರ್. ಬೆಳಿಗ್ಗೆ ಅದಕ್ಕೆ ಆಗಲ್ಲ."

ಯಾಕೆ ಎಂದು ನಿರ್ದೇಶಕಿ ಕೇಳಿದರು. ಬ್ಯಾಟರಿ ಅಕ್ಕ ಅವಸರವಿಲ್ಲದೆ ಬಿಡಿಸಿ ಹೇಳಿದಳು. ಚಳಿಗೆ ಬ್ಯಾಟರಿಯೊಳಗಿನ ಕ್ರಿಯೆ ನಿಧಾನವಾಗಿ ಅದರ ಶಕ್ತಿ ತಗ್ಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಮಂದವಾಗಿ, ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಡೀಸೆಲ್ಲಿಗೆ ಬೆಂಕಿ ಹತ್ತುವುದೂ ಕಷ್ಟ. ಹೊಸ ಬ್ಯಾಟರಿ ತಡೆದುಕೊಳ್ಳುತ್ತದೆ. ಸವೆದದ್ದು ಬಿಸಿಲಲ್ಲಿ ಮಾನ ಉಳಿಸಿ ಚಳಿಯಲ್ಲಿ ಕೈಕೊಡುತ್ತದೆ.

"ಹೋದ ವರ್ಷ ಆಂಬುಲೆನ್ಸಲ್ಲಿ ಇದ್ದದ್ದು ಇದೇ ಮೇಡಂ. ಅದಕ್ಕೆ ಕೊಟ್ಟಿದ್ದ ಹೊಸದು ಅಲ್ಲಿದೆ, ನಂಬರ್ ನೋಡಿ," ಎಂದು ಮೇಜಿನತ್ತ ಕೈ ತೋರಿಸಿದಳು. ಪಕ್ಕದಲ್ಲಿ ಉಗ್ರಾಣದ ಪುಸ್ತಕ ತೆರೆದಿತ್ತು. "ಆವತ್ತು ಓಡಿಸ್ತಿದ್ದೋನು ನಮ್ಮಣ್ಣ."

ಮೇಲ್ವಿಚಾರಕನ ಕೈ ಇನ್ನೂ ಕೀಲಿಯ ಮೇಲೆಯೇ ಇತ್ತು. ಯಾರೂ ಅವನಿಗೆ ತಂತಿ ತರಲಿಲ್ಲ. ಅವಳು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತ ನಿಂತಳು.

ತಿಂಗಳೊಳಗೆ ಮೇಲ್ವಿಚಾರಕ ಕೆಲಸ ಕಳೆದುಕೊಂಡು ಮನೆಗೆ ಹೋದ. ಹೇಳದೆ ಕೇಳದೆ ಬ್ಯಾಟರಿ ಬದಲಿಸಿದ್ದಕ್ಕೆ ಅವಳಿಗೂ ಎಚ್ಚರಿಕೆಯ ಪತ್ರ ಬಂತು. ಅದನ್ನವಳು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. ತನ್ನ ತಪ್ಪಿಲ್ಲ ಎಂದು ಆಸ್ಪತ್ರೆ ಬರೆದುಕೊಟ್ಟ ಕಾಗದವನ್ನು ಅಣ್ಣ ಮೊದಲು ಒಯ್ದದ್ದು ಮೇಷ್ಟ್ರ ಹೆಂಡತಿಯ ಬಳಿಗೆ. ಅವರು ಓದಿ, ಒಳಗೆ ಬಾರಪ್ಪ ಎಂದರಂತೆ. ಆಂಬುಲೆನ್ಸಿಗೆ ಮಾತ್ರ ಅವನು ಮರಳಲಿಲ್ಲ. ಬೇಕರಿಯೊಂದರ ವ್ಯಾನು ಓಡಿಸತೊಡಗಿದ.

ಮುಂದಿನ ಚಳಿಗಾಲ ಅಣ್ಣ ವ್ಯಾನಿನಲ್ಲಿ ತಂಗಿಯನ್ನು ಕೆಲಸಕ್ಕೆ ಬಿಡಲು ಹೊರಟಿದ್ದಾಗ, ಬಸ್ ನಿಲ್ದಾಣದಲ್ಲಿ ಹಳೆಯ ಮೇಲ್ವಿಚಾರಕ ಮಫ್ಲರ್ ಸುತ್ತಿಕೊಂಡು ನಡುಗುತ್ತ ನಿಂತಿದ್ದ. ಅಣ್ಣನ ಕಾಲು ಬ್ರೇಕಿನ ಮೇಲೆ ಹೋಯಿತು.

"ವಯಸ್ಸಾದೋನು ಕಣೇ. ಹತ್ತಿಸ್ಕೊಳ್ಳೋಣ್ವಾ?"

"ನೀನು ಹತ್ತಿಸ್ಕೊ. ನಾನು ಇಳಿದು ನಡ್ಕೊಂಡು ಹೋಗ್ತೀನಿ," ಎಂದಳು.

ಅಣ್ಣ ಅವಳ ಮುಖ ನೋಡಿ ಬ್ರೇಕಿನಿಂದ ಕಾಲು ತೆಗೆದ.